ಘಟ್ಟದ ಹಸಿರು ಚುಕ್ಕೆ

ಗಿರಾಕಿಗಳ ಬಟ್ಟಲಲ್ಲಿ ಉಳಿದ ಪಲ್ಯವನ್ನು ಗೊಬ್ಬರದ ಗುಂಡಿಗೆ ಚೆಲ್ಲಿದಳೆಂದು ಗಂಗೆಯನ್ನು ಕೆಲಸದಿಂದ ತೆಗೆದರು. ಹನ್ನೊಂದು ವರ್ಷದಿಂದ ಆ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು.

ಹೋಟೆಲಿನ ಯಜಮಾನ ನಾಗಪತಿ ಅದನ್ನು ಬಚ್ಚಿಡಲಿಲ್ಲ. ಹೋಟೆಲುಗಳಲ್ಲಿ ಹಾಳಾಗುವ ಅನ್ನದ ಸಮೀಕ್ಷೆಗೆ ಬಂದ ಭೂಮಿಕಾಳಿಗೆ ತಾನೇ ಹೇಳಿದ: "ಅನ್ನ ಚೆಲ್ಲೋರಿಗೆ ನಮ್ಮಲ್ಲಿ ಜಾಗ ಇಲ್ಲ ಮೇಡಂ."

ಭೂಮಿಕಾ ಮೆಚ್ಚಿ ಬರೆದುಕೊಂಡಳು. ಅವಳದು ಹಿಂಬಾಗಿಲಿನ ಕೆಲಸ. ಎಂಜಲು ಬಕೆಟ್ಟು ತೂಗಬೇಕು, ಮೊಬೈಲಿನಲ್ಲಿ ಜಾಗ ಗುರುತಿಸಿ ತೂಕ ತುಂಬಬೇಕು. ನಕಾಶೆಯ ಮೇಲೆ ಕೆಂಪು ಚುಕ್ಕೆ ತಾನಾಗಿ ಮೂಡುತ್ತಿತ್ತು. ತೂಕ ಹೆಚ್ಚಿದಷ್ಟೂ ದೊಡ್ಡದು. ಶಿರಸಿ ಬಸ್‌ಸ್ಟ್ಯಾಂಡಿನ ಸುತ್ತ ಸಿಡುಬು ಎದ್ದಂತಿತ್ತು. ಸಿದ್ದಾಪುರ, ಯಲ್ಲಾಪುರ ಪೇಟೆಗಳೂ ಹಿಂದೆ ಬಿದ್ದಿರಲಿಲ್ಲ. ಅರಬೈಲ್ ಘಟ್ಟದ ನಾಗಪತಿಯ ಹೋಟೆಲು ಮಾತ್ರ ಹಸಿರು. ಬಕೆಟ್ಟಿನಲ್ಲಿ ಬಾಳೆಹಣ್ಣಿನ ಸಿಪ್ಪೆ, ಚೀಪಿದ ನುಗ್ಗೆಕಾಯಿ, ಅಷ್ಟೆ.

ಅದೂ ಬಸ್ಸು ನಿಲ್ಲುವ ಹೋಟೆಲು. ಡ್ರೈವರ್ ಹಾರ್ನ್ ಒತ್ತಿದರೆ ಜನ ಅರ್ಧ ಊಟಕ್ಕೇ ಎದ್ದು ಓಡುವ ಜಾಗ.

"ಇದು ಹೇಗೆ ಸಾಧ್ಯ?"

"ಇಪ್ಪತ್ತು ವರ್ಷದ ಅಭ್ಯಾಸ ಮೇಡಂ. ಒಂದು ಬಸ್ಸು ಹೋದ್ರೆ ಇನ್ನೊಂದು ಬರ್ತದೆ. ಒಂದು ಅಗುಳೂ ಹಾಳಾಗೂದಿಲ್ಲ."

ಘಟ್ಟದ ಕಡೆ ಸಮೀಕ್ಷೆ ನಡೆದ ಐದೂ ದಿನ ಭೂಮಿಕಾ ಅಲ್ಲೇ ಉಂಡಳು. ಬೇರೆಯವರ ಹಿಂಬಾಗಿಲು ನೋಡಿದ ಮೇಲೆ ಅವರ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕೊನೆಯ ದಿನ, ಮಾದರಿ ಹೋಟೆಲೆಂದು ಪ್ರಮಾಣಪತ್ರ ಕೊಡಲು ಅವಳ ಸಂಸ್ಥೆಯಿಂದ ನಾಲ್ವರು ಬಂದರು. ಒಂದೂವರೆಗೆ ಎಲ್ಲರೂ ಊಟಕ್ಕೆ ಕುಳಿತರು. ಬಡಿಸಲು ಕೈ ಸಾಲಲಿಲ್ಲ.

ಗಂಗೆ ಬೆಳಿಗ್ಗೆಯಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೆಲಸ ಮರಳಿ ಕೇಳಲು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಅತಿಥಿಗಳೆದುರು ನಾಗಪತಿಯ ಮನಸ್ಸು ಕರಗಿತು. ಪಲ್ಯದ ಪಾತ್ರೆಯನ್ನು ಅವಳ ಕೈಗಿಟ್ಟ. "ತಪ್ಪು ಎಲ್ಲಾರೂ ಮಾಡ್ತಾರೆ. ಹೋಗು, ಮೇಡಂಗೆ ಬಡಿಸು. ನಾಳೆಯಿಂದ ಕೆಲ್ಸಕ್ಕೆ ಬಾ."

"ದೊಡ್ಡ ಮನಸ್ಸು ನಿಮ್ಮದು" ಎಂದರು ಬಂದವರಲ್ಲೊಬ್ಬರು.

ಗಂಗೆ ಪಾತ್ರೆಯೊಳಗೆ ನೋಡಿದಳು. ತಟ್ಟೆ ಮುಂದೆ ಸರಿಸಿ ಕುಳಿತ ಭೂಮಿಕಾಳನ್ನು ನೋಡಿದಳು. ಪಾತ್ರೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

"ಇದು ಹನ್ನೆರಡೂವರೆ ಬಸ್ಸಿನವ್ರು ಉಂಡು ಬಿಟ್ಟದ್ದು, ಒಡೆಯಾ. ನಾ ಬಡಿಸೂದಿಲ್ಲ."