ನೀಲಿ ದೀಪ ಹತ್ತಿದಾಗ

ಹಳೆಯ ವೈರ್‌ಲೆಸ್ ಕಾರ್ಡಿನ ನೀಲಿ ದೀಪ ಹತ್ತಿತು. ಕಂಪ್ಯೂಟರಿಗೆ ಹಾಕಿದ ಹೊಸ ಲಿನಕ್ಸ್ ಗುರುತಿಸದ ಆ ಕಾರ್ಡಿಗೆ ಮೂರು ದಿನದಿಂದ ಡ್ರೈವರ್ ತಂತ್ರಾಂಶ ಹೊಂದಿಸುತ್ತಿದ್ದ ವಿಜಯಶ್ರೀ ನಕ್ಕಳು. ಮರುಕ್ಷಣವೇ ಪರದೆಯ ಮೇಲೆ ಸಾಲೊಂದು ಮೂಡಿತು: ‘ಬಾಕಿ ಆದೇಶ ರವಾನೆಯಾಗಿದೆ. ಪಂಪ್ ಚಾಲೂ.’

ತೋಟದ ಪಂಪಿಗೆ ನೆಟ್ ಮೂಲಕ ಕಳಿಸಲೆಂದು, ನೆಟ್ ಹೋದ ದಿನ ಅವಳೇ ಒತ್ತಿ ಮರೆತಿದ್ದ ಆದೇಶ ಅದು. ತೋಟದ ಬಾವಿಯೊಳಗೆ ಆಳು ಮಾನಪ್ಪ ಅದೇ ಪಂಪಿನ ಚಕ್ರಕ್ಕೆ ಸುತ್ತಿದ ಕಸವನ್ನು ಕೈಯಿಂದ ಬಿಡಿಸುತ್ತಿದ್ದ. ಅವಳು ಬರಿಗಾಲಲ್ಲೇ ಓಡಿದಳು.

“ಮಾನಪ್ಪ ಕಾಕಾ, ಕೈ ತಗೀರಿ, ಪಂಪ್ ಚಾಲೂ ಆಗತೈತಿ.”

ಬಗ್ಗಿ ನೋಡುವ ಧೈರ್ಯವಾಗದೆ ಅವಳು ದಂಡೆಯ ಕಲ್ಲನ್ನು ಹಿಡಿದು ನಿಂತಳು. ಕೊನೆಗೆ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಯ ಸಪ್ಪಳ. ಮೇಲೆ ಬಂದ ಮಾನಪ್ಪ ದೋತರದ ಗಂಟು ಬಿಚ್ಚಿ, ಪಂಪಿನ ಮೂರು ಫ್ಯೂಸು ತೋರಿಸಿದ.

“ನೆಟ್ ಇಲ್ಲಲ್ಲ ಅಂತ ಎರಡು ದಿನ ಇವನ್ನ ತಗೀಲಾರದ ಇಳದಿದ್ನಿ ಯವ್ವಾ. ಇವತ್ತ ಯಾಕೋ ತಗದ್ನಿ.”