ಕಿಟಕಿಯ ಕೆಳಗಿನ ಲಿಲ್ಲಿ

ಬೆರಳಿಗೆ ತಾಗಿದ್ದು ಗಡ್ಡೆಯಲ್ಲ, ಲೋಳೆ. ಕೆಂಚಮ್ಮ ಮಣ್ಣಿನಿಂದ ಕೈ ಹೊರಗೆಳೆದು ಮೂಸಿದರು. ಕೊಳೆತ ನಾತ. ಅಯ್ಯೋ ಶಿವನೇ ಎಂದುಕೊಂಡವರು ಮೊದಲು ನೋಡಿದ್ದು ತಲೆಯ ಮೇಲಿನ ಕಿಟಕಿಯನ್ನು. ಅದರಾಚೆ ಸೊಸೆ ವರ್ಷಿಣಿ ಮಲಗಿದ್ದಳು. ಕಳೆದ ಸಲ ಐದನೇ ತಿಂಗಳಲ್ಲಿ ಮಗುವನ್ನು ಕಳಕೊಂಡಿದ್ದಳು. ಈ ಸಲ ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಬಸಿರು ನಿಂತಿದೆ ಎಂದು ಗೊತ್ತಾದ ದಿನವೇ, ಹಾಸಿಗೆ ಹಿಡಿಯುವುದಕ್ಕೆ ಮುಂಚೆ, ಅವಳು ಬಿಳಿ ಲಿಲ್ಲಿಯ ಗಡ್ಡೆ ತರಿಸಿ ಕಿಟಕಿಯ ಕೆಳಗೆ ಕೈಯಾರೆ ನೆಟ್ಟಿದ್ದಳು. ಬನ್ನಿಮಂಟಪದ ಆ ಮನೆಯಂಗಳದ್ದು ಅಂಟು ಜೇಡಿಮಣ್ಣು. ಬಿಸಿಲಿಗೆ ಮೇಲೆ ಬಿರುಕು, ಒಳಗೆ ಕೆಸರು. ಕೆಂಚಮ್ಮ ಇಲವಾಲದ ಕಡೆ ಗದ್ದೆಗೆ ನೀರು ಕಟ್ಟಿ ಭತ್ತ ಬೆಳೆದವರು. ಬಿರುಕು ಕಂಡರೆ ಕೈ ಸುಮ್ಮನಿರುತ್ತದೆಯೇ? ಬೆಳಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಗಡ್ಡೆಗೆ ಅಷ್ಟು ನೀರು ಬೇಡಮ್ಮ ಎಂದ ಮಗ ಶಿವಪ್ರಕಾಶನಿಗೆ, ಮಣ್ಣಿನ ವಿಷಯ ನನಗೇ ಹೇಳಿಕೊಡಲು ಬಂದೆಯಾ ಎಂದು ಗದರಿದ್ದರು.

ಈಗ ಅದೇ ಕೈಗೆ ಕೊಳೆತ ಗಡ್ಡೆ ಅಂಟಿತ್ತು. ಬಸುರಿ ನೆಟ್ಟದ್ದು ಕೊಳೆಯಿತೆಂದರೆ? ಮುಂದಿನ ಮಾತನ್ನು ಮನಸ್ಸಿನಲ್ಲಿ ಆಡಿಕೊಳ್ಳಲೂ ಅವರಿಗೆ ಧೈರ್ಯ ಬರಲಿಲ್ಲ.

"ಅತ್ತೆ, ಮೊಳಕೆ ಬಂತಾ?" ಒಳಗಿನಿಂದ ದಿನನಿತ್ಯದ ಪ್ರಶ್ನೆ ಬಂತು.

"ಬತ್ತದೆ ಕಣಮ್ಮ. ಬಿಸ್ಲು ಜಾಸ್ತಿ ನೋಡು, ವಸಿ ತಡ."

ಮಧ್ಯಾಹ್ನ ಸೊಸೆಗೆ ಜೋಂಪು ಹತ್ತಿದ್ದೇ ತಡ, ಕೆಂಚಮ್ಮ ನರ್ಸರಿಗೆ ಓಡಿ ಆಗಷ್ಟೇ ಚಿಗುರು ಮೂತಿ ತೋರಿಸಿದ್ದ ಲಿಲ್ಲಿ ತಂದರು. ಬಿಳಿಯದೇ ಎಂದು ನರ್ಸರಿಯವನು ಆಣೆ ಇಟ್ಟಿದ್ದ. ಅವನು ಹೇಳಿದಂತೆ ಮಣ್ಣಿಗೆ ಮರಳು ಬೆರೆಸಿ, ದಿಬ್ಬ ಮಾಡಿ, ಅದೇ ಜಾಗದಲ್ಲಿ ನೆಟ್ಟು ಮರುದಿನ ಸೊಸೆಗೆ ತೋರಿಸಿದರು. ಅವಳು ನಕ್ಕಳು. ಕೆಂಚಮ್ಮನಿಗೆ ಮಾತ್ರ ಆಮೇಲೆ ನಿದ್ದೆಯೇ ಹತ್ತಲಿಲ್ಲ. ಅವಳು ಸೊಂಟ ನೋವು ಎಂದರೂ ಎದೆ ಧಸಕ್ಕೆನ್ನುತ್ತಿತ್ತು.

ಐದು ತಿಂಗಳು ತುಂಬಿ ಆರಕ್ಕೆ ಬಿದ್ದ ವಾರ ಹೂವು ಬಿರಿಯಿತು. ನೀರಿನ ಕೊಡ ಹಿಡಿದು ಬಂದ ಕೆಂಚಮ್ಮ ನಿಂತಲ್ಲೇ ನಿಂತರು. ಹೂವು ಕೆಂಡದಂತೆ ಕೆಂಪಗಿತ್ತು. ಕೊಡ ಕೆಳಗಿಟ್ಟು, ಕಿಟಕಿಗೆ ಕಾಣದಂತೆ ಅಡ್ಡ ನಿಂತು ಸೆರಗು ಹರಡಿದರು.

"ಸ್ವಲ್ಪ ಸರೀರಿ ಅತ್ತೆ, ನೋಡ್ತೀನಿ."

"ಈ ಬಿಸ್ಲಿಗೆ ಬಣ್ಣ ತಿರುಗ್ಬುಟ್ಟದೆ ಕಣಮ್ಮ."

ವರ್ಷಿಣಿ ಅತ್ತೆಯತ್ತ ತಿರುಗಿದಳು. "ನಾನು ನೆಟ್ಟ ಗಡ್ಡೆ ಕೊಳೆತಿದ್ದು ನೀವು ಅಗೆಯೋಕೆ ಮುಂಚೇನೇ ಗೊತ್ತಾಗಿತ್ತು. ನಾತ ಕಿಟಕಿವರೆಗೂ ಬರ್ತಿತ್ತಲ್ಲ."

ಕೆಂಚಮ್ಮ ಹರಡಿದ್ದ ಸೆರಗನ್ನು ಮೆಲ್ಲನೆ ಇಳಿಸಿದರು. "ಮತ್ತೆ ಮೊಳಕೆ ಬಂತಾ ಅಂತ ದಿನಾ ಕೇಳ್ತಿದ್ದೆಯಲ್ಲಮ್ಮ?"

"ಕೇಳೋದು ನಿಲ್ಲಿಸಿದ್ರೆ ನೀವು ಹೆದರಿಕೊಳ್ತೀರಿ ಅಂತ."

ಕೆಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಿಡಕ್ಕೆ ಹನಿಯೂ ಹಾಕದೆ, ತುಂಬಿದ ಕೊಡವನ್ನು ಹಾಗೆಯೇ ಎತ್ತಿಕೊಂಡು ಒಳಗೆ ನಡೆದರು.