ಸಾಸಿ ಕಟ್ಟಿದ ಕಾಡು

ಕಾಡಿನ ದಾರಿಗೆ ಅಡ್ಡವಾಗಿ ಕಟ್ಟಿದ್ದ ಎಳೆಯ ತೆಂಗಿನ ಗರಿಯನ್ನು ಕಂಡು ಡೊರ್ಕಾಸ್ ನಿಂತುಬಿಟ್ಟಳು. ಸೇರಂ ದ್ವೀಪದಲ್ಲಿ ಆ ಕಟ್ಟಿಗೆ ಸಾಸಿ ಎನ್ನುತ್ತಾರೆ. ಅದು ಇರುವಷ್ಟು ದಿನ ಕಾಡಿಗೆ ಬಿಡುವು, ಯಾರೂ ಒಳಗೆ ಕಾಲಿಡುವುದಿಲ್ಲ. ಆದರೆ ಇವತ್ತು ಒಳಗಿನಿಂದ ಯಂತ್ರದ ಗರಗಸಗಳ ಸದ್ದು ಬರುತ್ತಿತ್ತು. ಅವಳ ಅಮ್ಮ ನೆಟ್ಟ, ಬಾದಾಮಿಯಂಥ ಬೀಜ ಬಿಡುವ ಕೆನಾರಿ ಮರಗಳಿದ್ದದ್ದು ಅಲ್ಲೇ.

ಊರಿನ ಪರವಾಗಿ ಸಾಸಿ ಕಟ್ಟುವ ದೊಡ್ಡಪ್ಪ ಮರ್ಥೆನ್ ಪಕ್ಕದಲ್ಲೇ ಕೂತು ಎಲೆಯಡಿಕೆ ಅಗಿಯುತ್ತಿದ್ದ. ಕಾಲಲ್ಲಿ ಮರ ಕಡಿಸುವ ಕಂಪನಿಯವರು ಕೊಟ್ಟ ಹೊಸ ಬೂಟು.

“ದಾಟಬೇಡ ಮಗಳೇ. ಸಾಸಿ ಮುರಿದವರನ್ನ ತೀರಿಹೋದ ಹಿರಿಯರು ಸುಮ್ನೆ ಬಿಡಲ್ಲ.”

“ಮರ ಕಡಿಯೋರನ್ನ ಬಿಟ್ಟಿದ್ದಾರಲ್ಲ ದೊಡ್ಡಪ್ಪ?”

“ಅವರು ಬೇರೆ ಊರಿನವರು. ನಮ್ಮ ಹಿರಿಯರಿಗೆ ಅವರ ಪರಿಚಯ ಇಲ್ಲ,” ಎಂದು ಅವನು ಗಹಗಹಿಸಿ ನಕ್ಕ. ಕೆಂಪು ರಸ ಗದ್ದಕ್ಕಿಳಿಯಿತು.

ಹೊಟ್ಟೆಗಿಲ್ಲದ ವರ್ಷಗಳಲ್ಲೂ ಅವಳು ಆ ಗರಿಯನ್ನು ಮುಟ್ಟಿದವಳಲ್ಲ. ಈಗ ಎರಡೂ ಕೈಯಿಂದ ಕಿತ್ತೆಸೆದಳು. ಎಸೆದೊಡನೆ ಅಲ್ಲೇ ಬಗ್ಗಿ ಕಾರಿಕೊಂಡಳು.

“ನೋಡಿದ್ಯಾ, ಹಿರಿಯರು ಹಿಡಿದ್ರು!” ದೊಡ್ಡಪ್ಪ ಗಾಬರಿಯಿಂದ ಎದ್ದು ನಿಂತ.

“ಹಿರಿಯರಲ್ಲ. ನಿನ್ನನ್ನ ನೋಡಿ ವಾಂತಿ ಬಂತು,” ಎಂದು ಬಾಯೊರೆಸಿಕೊಂಡು, ಅವಳು ಗರಗಸದ ಸದ್ದಿನ ಕಡೆಗೆ ನಡೆದಳು.